ಏಳನೇ ಪ್ರಶ್ನೆ

ಇಪ್ಪತ್ತಾರು ಬಾಡಿಗೆದಾರರು ಕಣ್ಣುಮುಚ್ಚಿ ಸಹಿ ಹಾಕಿದ್ದ ಕಾಗದವನ್ನು ವರ್ಜಿಲ್ ಮಾತ್ರ ಕೂತು ಓದತೊಡಗಿದ. ಎದುರಿಗೆ ನೋರೀನ್ ಪೆನ್ನು ಚಾಚಿಕೊಂಡು ನಿಂತಿದ್ದಳು.

ಅರಿಜೋನಾದ ಈ ಆರ್‌ವಿ ಪಾರ್ಕ್, ಗಾಲಿಮನೆಗಳು ಬಂದು ನಿಲ್ಲುವ ಈ ಬಯಲು, ಅವಳದು. ವಾರಕ್ಕೆ ಮೂರು ಸಲ ಡಯಾಲಿಸಿಸ್‌ಗೆಂದು ತೊಂಬತ್ತು ಮೈಲಿ ಕಾರು ಓಡಿಸಿ ಸಾಕಾಗಿ, ಇದನ್ನು ಮಾರಿ ಆಸ್ಪತ್ರೆಯ ಪಕ್ಕ ಮನೆ ಮಾಡಲು ಹೊರಟಿದ್ದಳು. ಕೊಳ್ಳುವವರ ವಕೀಲನಿಗೆ ಪ್ರತಿ ಬಾಡಿಗೆದಾರನೂ ಸಹಿ ಹಾಕಿದ ಈ ಹೇಳಿಕೆ ಬೇಕು. ಒಂದು ಕಡಿಮೆಯಾದರೂ ವ್ಯಾಪಾರ ಮುರಿದಂತೆಯೇ.

"ಈ ಏಳನೇ ಪ್ರಶ್ನೆ ನೋಡು," ವರ್ಜಿಲ್ ಕನ್ನಡಕ ಏರಿಸಿದ. "'ಮಾಲೀಕರು ಬಾಯಿಮಾತಿನಲ್ಲಿ ಬೇರೆ ಯಾವುದಾದರೂ ಭರವಸೆ ಕೊಟ್ಟಿದ್ದಾರೆಯೇ?' ಏನ್ ಬರೀಲಿ?"

"ಎಲ್ಲರೂ ಇಲ್ಲ ಅಂತಲೇ ಬರ್ದಿದಾರೆ."

"ಅವರಿಗೆ ನೀನು ಕೊಟ್ಟಿರಲಿಲ್ವಲ್ಲ."

ಇವನಿಗೆ ಕೊಟ್ಟಿದ್ದಳು. ಹನ್ನೆರಡು ವರ್ಷದ ಹಿಂದೆ ಪಾರ್ಕಿನ ನೀರಿನ ಪೈಪುಗಳು ಕೆಟ್ಟಾಗ ವರ್ಜಿಲ್ ಬಿಡಿಗಾಸು ಮುಟ್ಟದೆ ಎರಡು ತಿಂಗಳು ಕಲ್ಲುನೆಲ ಅಗೆದಿದ್ದ. "ಸಾಯೋ ತನಕ ಈ ಜಾಗ ನಿಂದೇ" ಎಂದು ಅವಳು ಕೈ ಕುಲುಕಿದ್ದಳು. ಈ ಕಡೆ ಕೈ ಕುಲುಕಿದರೆ ಮುಗಿಯಿತು, ಕಾಗದ ಕೇಳುವುದೇ ಅವಮಾನ. ಎಂಥ ದೊಡ್ಡಸ್ತಿಕೆ! ಹೊಸ ಮಾಲೀಕರು ಹತ್ತು ವರ್ಷಕ್ಕಿಂತ ಹಳೆಯ ಗಾಡಿಯನ್ನು ಇಟ್ಟುಕೊಳ್ಳುವುದಿಲ್ಲ. ವರ್ಜಿಲ್ ವಾಸವಿರುವ ಟ್ರೇಲರ್‌ಗೆ ಮೂವತ್ತೊಂದು. ಎಳೆದರೆ ಗೇಟು ದಾಟುವ ಮೊದಲೇ ಮುರಿದುಬೀಳುತ್ತದೆಂದು ಇಬ್ಬರಿಗೂ ಗೊತ್ತು.

"ಹೌದು ಅಂತ ಬರೆದ್ರೆ?"

"ಅವರು ಕೊಳ್ಳಲ್ಲ. ಇನ್ನೊಬ್ಬ ಗಿರಾಕಿ ಸಿಗೋ ತನಕ ನಾನಿರಲ್ಲ, ವರ್ಜಿಲ್."

"ಆವತ್ತು ಅಷ್ಟು ಅಗೆದೆ. ನನಗೂ ಒಂದು ಗುಂಡಿ ತೋಡ್ಕೊಂಡಿದ್ರೆ ಜಾಗ ಉಳೀತಿತ್ತು," ಎಂದು ನಕ್ಕ.

ಅವಳು ನಗಲಿಲ್ಲ. ನಾಚಿಕೆಯಿಂದ ಹಿಡಿಯಷ್ಟಾದಳು. ಆದರೂ ಪೆನ್ನು ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ವರ್ಜಿಲ್ 'ಇಲ್ಲ' ಎಂದು ಬರೆದು ಸಹಿ ಹಾಕಿದ. ಅದರ ಕೆಳಗೆ, ಮೇಲಿನದೆಲ್ಲ ನಿಜವೆಂದು ಮಾಲೀಕರೂ ಸಹಿ ಹಾಕಬೇಕಿತ್ತು. ನೋರೀನ್ ಪೆನ್ನು ಊರಿದಳು, ಮತ್ತೆ ಎತ್ತಿದಳು.

ಗಾಳಿಗೆ ಏಳುತ್ತಿದ್ದ ಕಾಗದವನ್ನು ವರ್ಜಿಲ್ ಅಂಗೈಯಿಂದ ಒತ್ತಿ ಹಿಡಿದುಕೊಂಡ.

"ನಿಧಾನವಾಗಿ ಹಾಕು. ಚಿತ್ತಾದ್ರೆ ವಾಪಸ್ ಕಳಿಸ್ತಾರೆ. ಇದನ್ನ ಇನ್ನೊಂದ್ಸಲ ನನ್ನ ಕೈಲಿ ಬರೆಯೋಕಾಗಲ್ಲ."