ಬೂಟಿನ ಲೇಸು

ಬೀಗದ ಕೈ ಸಿಕ್ಕ ಮೇಲೂ ತಾತ ಬೂಟು ಬಿಚ್ಚಲಿಲ್ಲ. ಹೊಸ ಕೋಣೆಯ ಮಂಚದ ತುದಿಯಲ್ಲಿ, ಇನ್ನೇನು ಎದ್ದು ಹೊರಡುವವರಂತೆ ಕೂತಿದ್ದರು.

ಆ ಕೋಣೆ ಕೊಡಿಸಿದವಳು ಫೈಲಕ್ಕ. ಸೂರಿಲ್ಲದವರ ಸಹಾಯ ಕೇಂದ್ರದಲ್ಲಿ ಅವಳ ಕೆಲಸ. ಕಂಕುಳಲ್ಲಿ ಸದಾ ಫೈಲು ಇರುತ್ತದೆಂದು ಬಸ್ ನಿಲ್ದಾಣದ ಬೆಂಚುಗಳ ಮೇಲೆ ತಾತನಂತೆ ರಾತ್ರಿ ಕಳೆಯುವವರು ಇಟ್ಟ ಹೆಸರು ಅದು. ಆಸ್ಪತ್ರೆ, ಪಿಂಚಣಿ ಕಚೇರಿ, ವಸತಿ ಇಲಾಖೆ ಎಂದು ಹನ್ನೊಂದು ತಿಂಗಳು ಚಪ್ಪಲಿ ಸವೆಸಿದ್ದಳು. ಹಿಂದೆ ಎರಡು ಸಲ ಹತ್ತಾರು ಜನ ಒಟ್ಟಿಗೆ ಮಲಗುವ ಆಶ್ರಯದಲ್ಲಿ ಜಾಗ ಕೊಡಿಸಿದಾಗಲೂ ತಾತ ಮಾರನೆಯ ದಿನವೇ ಬೆಂಚಿಗೆ ವಾಪಸ್. ಈ ಸಲ ಇಲಾಖೆ ಖಡಾಖಂಡಿತವಾಗಿ ಹೇಳಿತ್ತು: ಮೂರು ದಿನದಲ್ಲಿ ಬಿಟ್ಟು ಹೋದರೆ ಕೋಣೆ ಬೇರೆಯವರಿಗೆ, ತಾತನ ಹೆಸರು ಪಟ್ಟಿಯಿಂದಲೇ ಹೊರಗೆ.

"ಬೂಟು ಹೊರಗೆ ಗೂಡಲ್ಲಿ ಇಡಿ ತಾತ," ಅಂದಳು.

"ಹೊರಗಿಟ್ರೆ ಬೆಳಿಗ್ಗೆ ಇರಲ್ಲ ಮಗಳೇ."

ಅದೇನು ಸುಳ್ಳಲ್ಲ. ಬೆಂಚಿನ ಮೇಲೆ ಮಲಗಿದ ಮೊದಲ ವಾರವೇ ಯಾರೋ ಬೂಟು ಲಪಟಾಯಿಸಿ, ಒಂದು ಚಳಿಗಾಲವಿಡೀ ತಾತ ಬರಿಗಾಲಲ್ಲಿ ಕಳೆದಿದ್ದರು. ಅಂದಿನಿಂದ ಎರಡೂ ಬೂಟಿನ ಲೇಸು ಸೇರಿಸಿ ಗಂಟು ಹಾಕಿ, ಮಣಿಕಟ್ಟಿಗೆ ಸುತ್ತಿಕೊಂಡೇ ಮಲಗುವುದು. ನಿದ್ದೆಯೂ ಕೋಳಿನಿದ್ದೆ, ಯಾರು ಕೆಮ್ಮಿದರೂ ಎಚ್ಚರ.

ಬಾಗಿಲಿಗೆ ಒಳಗಿನಿಂದ ಚಿಲಕ ಇದೆಯೆಂದು ಫೈಲಕ್ಕ ಹಾಕಿ ತೆಗೆದು ತೋರಿಸಿದಳು. ತಾತ ಎದ್ದು ಬಂದರು. ತಾವೂ ಹಾಕಿದರು, ತೆಗೆದರು, ಮತ್ತೆ ಹಾಕಿದರು. ಮೂವತ್ತು ವರ್ಷ ಬಸ್ಸಿನ ಸ್ಟೇರಿಂಗ್ ಹಿಡಿದ ಕೈ ಚಿಲಕದ ಮೇಲೇ ಉಳಿಯಿತು.

"ಒಳಗಿಂದ ಚಿಲಕ ಹಾಕಿ ಒಂಬತ್ತು ವರ್ಷ ಆಯ್ತು," ಎಂದರು.

ಫೈಲಕ್ಕ ಮುಖ ತಗ್ಗಿಸಿ ಫೈಲು ತೆರೆದು ಏನೋ ಗೀಚಿಕೊಂಡಳು.

ಮೂರು ದಿನ ಕಳೆದ ಮೇಲೆ ಇಲಾಖೆಯ ಗುಮಾಸ್ತ ಪರಿಶೀಲನೆಗೆ ಹೊರಟ. ಇವಳೂ ಜೊತೆಗೂಡಿದಳು. ಬಸ್ ನಿಲ್ದಾಣ ದಾಟುವಾಗ ಆ ಬೆಂಚಿನತ್ತ ನೋಡುವ ಧೈರ್ಯವಾಗದೆ ಮುಖ ತಿರುಗಿಸಿಕೊಂಡೇ ನಡೆದಳು. ಪಟ್ಟಿಯ ಮುಂದಿನವರ ಹೆಸರು ಗುಮಾಸ್ತನ ಜೇಬಿನಲ್ಲಿ ಆಗಲೇ ಸಿದ್ಧವಿತ್ತು. ಹಕ್ಕಿ ಹಾರಿರುತ್ತದೆ, ಸುಮ್ಮನೆ ಮೆಟ್ಟಿಲು ಹತ್ತಿಸುತ್ತೀರಿ ಎಂದು ದಾರಿಯುದ್ದಕ್ಕೂ ಗೊಣಗಿದ. ಕೆಟ್ಟವನಲ್ಲ, ನಾಲಿಗೆ ಸ್ವಲ್ಪ ಉದ್ದ.

ಎರಡನೆಯ ಮಹಡಿಯ ಕೊನೆಯ ಬಾಗಿಲು ಮುಚ್ಚಿತ್ತು. ಗುಮಾಸ್ತ ಬಡಿಯಲು ಕೈ ಎತ್ತಿದ. ಫೈಲಕ್ಕ ತಟ್ಟನೆ ಆ ಕೈ ಹಿಡಿದುಕೊಂಡಳು.

"ಬೇಡ. ಮಲಗಿದಾರೆ."

"ಗಂಟೆ ಹತ್ತೂವರೆ ಅಕ್ಕ. ಇಷ್ಟೊತ್ತಿಗೆ ಯಾರು ಮಲಗಿರ್ತಾರೆ?"

ಅವಳು ಬಾಗಿಲ ಪಕ್ಕದ ಗೂಡಿನತ್ತ ಕಣ್ಣಲ್ಲೇ ಸನ್ನೆ ಮಾಡಿದಳು. ತಾತನಿಗಿದ್ದ ಒಂದೇ ಜೊತೆ ಬೂಟು ಅಲ್ಲಿತ್ತು. ಲೇಸಿನ ಗಂಟು ಬಿಚ್ಚಿತ್ತು.