ಟೇಪ್‌ರೆಕಾರ್ಡರಿಗೆ ಹಿಡಿದ ಫ್ಯಾನು

ಬಿಸಿಯಾದ ಪ್ಲಾಸ್ಟಿಕ್ಕಿನ ವಾಸನೆ ಬಂದರೆ ಈಗಲೂ ಜಾಲಿ ಊರಿನ ನಮ್ಮ ಮನೆಯ ಆ ಮಧ್ಯಾಹ್ನ ನೆನಪಾಗುತ್ತದೆ.

ದುಬೈಯಲ್ಲಿದ್ದ ಅಪ್ಪ ತನ್ನ ಮಾತು ತುಂಬಿಸಿ ಕಳಿಸಿದ್ದ ಕ್ಯಾಸೆಟ್ಟನ್ನು ಅಮ್ಮ ನೆರೆಮನೆಯಿಂದ ತಂದ ಟೇಪ್‌ರೆಕಾರ್ಡರಿನಲ್ಲಿ ಅಂದು ಮೂರನೇ ಸಲ ಹಾಕಿದ್ದಳು. ಯಂತ್ರ ಕಾದು ಅಪ್ಪನ ದನಿ ದಪ್ಪಗಾಗಿ ಎಳೆಯತೊಡಗಿತು. ನಮ್ಮತ್ತ ಬೀಸುತ್ತಿದ್ದ ಟೇಬಲ್ ಫ್ಯಾನನ್ನು ಅಮ್ಮ ಯಂತ್ರದ ಬೆನ್ನಿಗೆ ತಿರುಗಿಸಿದಳು. ಸ್ವಲ್ಪ ಹೊತ್ತಿಗೆ ದನಿ ಮೊದಲಿನಂತಾಯಿತು.

"ಊಟ ಆತಾ ಮಗಾ?" ಎಂದು ಕೇಳಿ, ನನ್ನ ಉತ್ತರಕ್ಕೆಂದು ಅಪ್ಪ ತುಸು ಸುಮ್ಮನಾದ.

ಆ ಸಲವೂ ನಾನು "ಆತು" ಎಂದೆ.

ಕ್ಯಾಸೆಟ್ ಮುಗಿದು ಗುಂಡಿ ಟಕ್ಕೆಂದು ಮೇಲೆದ್ದಿತು.

"ಅಮ್ಮಾ, ಸೆಕೆ. ಫ್ಯಾನ್ ಇತ್ಲಾಗೆ ತಿರುಗ್ಸು."

ಜ್ವರ ಬಂದಾಗ ನನ್ನ ಹಣೆ ಮುಟ್ಟುವಂತೆ ಅಮ್ಮ ಅಂಗೈ ಮಗುಚಿ ಯಂತ್ರದ ಬೆನ್ನಿಗಿಟ್ಟಳು.

"ತಡಿ, ಇನ್ನೂ ಬಿಸಿ ಉಂಟು."