ದ್ಯಾಮಣ್ಣನ ನಿಗಾದ ಆರು ತಿಂಗಳು

ರೇಸಿನಲ್ಲಿ ಕಲ್ಲನಗೌಡನ ಕಾರಿಗೆ ಬೇಕೆಂದೇ ಗುದ್ದಿದ್ದಕ್ಕೆ ದ್ಯಾಮಣ್ಣನನ್ನು ಸಮಿತಿಯವರು ಆರು ತಿಂಗಳು ನಿಗಾದಲ್ಲಿಟ್ಟರು. "ದಂಡ ಇಲ್ಲ, ಏನಿಲ್ಲ, ಬರೇ ಕಾಗದ" ಎಂದು ಅವನು ನಕ್ಕ. ಆದರೆ ನಿಗಾ ಬಿದ್ದ ಎಲ್ಲರಿಗೂ ಆಗುವಂತೆ, ಅವತ್ತಿನಿಂದ ಗೌಡನ ಕಾರಿಗೆ ಬಿದ್ದ ಪೆಟ್ಟು ಇವನ ಕಾರಿನ ಮೇಲೂ ಮೂಡತೊಡಗಿತು.

ಮುಂದಿನ ರೇಸಿನ ಹಿಂದಿನ ದಿನ, ಅಂಗಳದಲ್ಲಿ ಸುಮ್ಮನೆ ನಿಂತಿದ್ದ ಕಾರಿನ ಬಾಗಿಲು ಅವನ ಕಣ್ಣೆದುರೇ ನೆಗ್ಗಿತು. ಇನ್ನೊಂದು ಪೆಟ್ಟು ಬಿದ್ದರೆ ನಾಳೆ ತಪಾಸಣೆಯಲ್ಲಿ ಕಾರು ಹೊರಗೆ. ದ್ಯಾಮಣ್ಣ ಗೌಡನ ಮನೆಗೆ ಓಡಿದ. ಗೌಡನ ಹೆಂಡತಿ ನೀಲವ್ವ ಅದೇ ರೇಸಿನ ಕಾರಿನಲ್ಲಿ ಓಡಿಸಲು ಕಲಿಯುತ್ತ, ಹಿಂದಕ್ಕೆ ಬರುವಾಗ ಬಾಗಿಲನ್ನು ಗೇಟಿನ ಕಂಬಕ್ಕೆ ತಾಗಿಸಿದ್ದಳು.

"ವೈನಿ, ಇಳೀರಿ, ಗಾಡಿ ನಾ ಹೊರಗ ತೆಗೀತೀನಿ."

"ಹಂಗಾರ ನಾ ಕಲಿಯೂದು ಯಾವಾಗ?"

ಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದ ಗೌಡ ಹೆಂಡತಿಗೆ ಹೇಳಿದ: "ನೀ ಇಳೀಬ್ಯಾಡ. ಗುದ್ದೂದ್ರಾಗ ಅವ ಭಾಳ ಶಾಣ್ಯಾ. ಬಾಜೂಕ ಕುಂತು ಕಲಸಲಿ."

ದ್ಯಾಮಣ್ಣ ಪಕ್ಕದ ಸೀಟಿಗೆ ಹತ್ತಿ, ಹ್ಯಾಂಡ್‌ಬ್ರೇಕನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.